ಸಾಲಕ್ಕಿಂತ ಕಡಿಮೆ ಬೆಲೆಗೆ ಹೋಗುವ ಮನೆ

2011ರ ಮಾರ್ಚ್ ತಿಂಗಳ ಒಂದು ಶನಿವಾರ, ಕ್ಯಾಲಿಫೋರ್ನಿಯಾದ ಮೌಂಟನ್ ಹೌಸ್ ಎಂಬ ಊರಿನಲ್ಲಿ ಮೈಸೂರಿನ ಕುಟುಂಬವೊಂದರ ಊಟದ ಮೇಜಿನ ಮುಂದೆ ಕುಳಿತು ಶಾರ್ಟ್ ಸೇಲ್ ಎಂದರೇನು ಎಂದು ವಿವರಿಸುತ್ತಿದ್ದೆ. ಮಗನ ಮನೆಗೆಂದು ಬಂದಿದ್ದ ತಾಯಿ ಅದೇ ಮೇಜಿನ ತುದಿಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ನನ್ನ ಮಾತು ಮುಗಿಯುವವರೆಗೂ ಸುಮ್ಮನಿದ್ದು, ಆಮೇಲೆ ಕೇಳಿದರು: "ಅಲ್ಲಮ್ಮಾ, ಮನೆ ಮಾರಿದ ಮೇಲೂ ಸಾಲ ಉಳಿಯತ್ತೆ ಅಂತೀಯಲ್ಲ, ಇದು ಯಾವ ಸೀಮೆ ವ್ಯಾಪಾರ?"

ಮನೆ ಮಾರಿಸುವ ಏಜೆಂಟಳ ಈ ವೃತ್ತಿಯಲ್ಲಿ ನನಗೆ ಎದುರಾದ ಪ್ರಶ್ನೆಗಳಲ್ಲಿ ಇದಕ್ಕಿಂತ ನೇರವಾದದ್ದು ಇನ್ನೊಂದಿಲ್ಲ. ಮನೆಯ ಮೇಲಿನ ಸಾಲಕ್ಕಿಂತ ಮನೆಯ ಮಾರುಕಟ್ಟೆ ಬೆಲೆ ಕಡಿಮೆಯಾದಾಗ, ಸಾಲ ಕೊಟ್ಟ ಬ್ಯಾಂಕು ಆ ಕಡಿಮೆ ಹಣವನ್ನೇ ಪಡೆದು ಅಡಮಾನವನ್ನು ಬಿಟ್ಟುಕೊಡಲು ಒಪ್ಪಿ ನಡೆಯುವ ಮಾರಾಟಕ್ಕೆ ಶಾರ್ಟ್ ಸೇಲ್ ಎಂದು ಹೆಸರು. ಅಡಮಾನವನ್ನು ಬಿಡುವುದು ಬೇರೆ, ಉಳಿದ ಸಾಲವನ್ನು ಬಿಡುವುದು ಬೇರೆ. ಹೆಚ್ಚಿನ ಮಾರಾಟಗಾರರಿಗೆ ಈ ವ್ಯತ್ಯಾಸ ತಿಳಿದಿರಲಿಲ್ಲ. ಮೊದಲ ಒಂದೆರಡು ವರ್ಷ ನನಗೂ ಅಷ್ಟು ಸ್ಪಷ್ಟವಾಗಿ ತಿಳಿದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಮೌಂಟನ್ ಹೌಸ್ ಇರುವುದು ಆಲ್ಟಮಾಂಟ್ ಗುಡ್ಡಗಳ ಪೂರ್ವದ ತಪ್ಪಲಿನಲ್ಲಿ, ಟ್ರೇಸಿ ಪಟ್ಟಣದ ಪಕ್ಕದಲ್ಲಿ. ಸಿಲಿಕಾನ್ ವ್ಯಾಲಿಯಲ್ಲಿ ಮನೆ ಕೊಳ್ಳಲಾಗದವರು ದಿನವೂ ಗುಡ್ಡ ದಾಟಿ ಕೆಲಸಕ್ಕೆ ಹೋಗಿಬರಲು ಸಿದ್ಧರಾಗಿ 2003ರಿಂದೀಚೆಗೆ ಇಲ್ಲಿ ಹೊಸ ಮನೆಗಳನ್ನು ಕೊಂಡರು. 2008ರ ನವೆಂಬರ್ ಹೊತ್ತಿಗೆ ಇಲ್ಲಿನ ಹತ್ತು ಮನೆಗಳಲ್ಲಿ ಸುಮಾರು ಒಂಬತ್ತರ ಮೇಲೆ ಮನೆಯ ಬೆಲೆಗಿಂತ ಹೆಚ್ಚಿನ ಸಾಲವಿತ್ತು. ಇಡೀ ಅಮೆರಿಕದಲ್ಲೇ ಅತಿ ಹೆಚ್ಚು ಸಾಲದಲ್ಲಿ ಮುಳುಗಿದ ಊರು ಎಂದು ಪತ್ರಿಕೆಗಳು ಬರೆದದ್ದು ಇದರ ಬಗ್ಗೆಯೇ. ನಾನು ಹೇಳುತ್ತಿರುವ ಮನೆಯನ್ನು 2005ರಲ್ಲಿ 6,20,000 ಡಾಲರಿಗೆ ಕೊಳ್ಳಲಾಗಿತ್ತು. ಅದರಲ್ಲಿ ಶೇಕಡಾ 80ರಷ್ಟು ಒಂದು ಬ್ಯಾಂಕಿನ ಸಾಲ, ಉಳಿದ ಶೇಕಡಾ 20 ಇನ್ನೊಂದು ಬ್ಯಾಂಕಿನ ಎರಡನೆಯ ಸಾಲ. ಕೈಯಿಂದ ಹಾಕಿದ್ದು ನೋಂದಣಿ ಮತ್ತಿತರ ಖರ್ಚು ಮಾತ್ರ. 2011ರಲ್ಲಿ ಅದೇ ಮನೆಗೆ ನನಗೆ ಬಂದ ಅತ್ಯುತ್ತಮ ಆಫರ್ 2,90,000 ಡಾಲರ್.

ಸಾಮಾನ್ಯ ಮಾರಾಟದಲ್ಲಿ ಮನೆಯ ಯಜಮಾನರು ಆಫರಿಗೆ ಸಹಿ ಹಾಕಿದರೆ ವ್ಯವಹಾರ ಅರ್ಧ ಮುಗಿದಂತೆ. ಶಾರ್ಟ್ ಸೇಲ್‌ನಲ್ಲಿ ಆ ಸಹಿ ಒಂದು ಅರ್ಜಿಯಷ್ಟೇ. ಎರಡು ವರ್ಷದ ತೆರಿಗೆ ರಿಟರ್ನ್, ಎರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಖರ್ಚುವೆಚ್ಚದ ಪಟ್ಟಿ, ಕೊಳ್ಳುವವರ ಒಪ್ಪಂದ, ಎಸ್ಕ್ರೋ ಕಚೇರಿಯ (ಮಾರಾಟ ಮುಗಿಯುವವರೆಗೆ ಎರಡೂ ಕಡೆಯ ಹಣ, ಕಾಗದಪತ್ರ ಇಟ್ಟುಕೊಳ್ಳುವ ಮಧ್ಯಸ್ಥರ) ಅಂದಾಜು ಲೆಕ್ಕ, ಇವೆಲ್ಲವನ್ನೂ ಪ್ರತಿ ಪುಟದ ತಲೆಯ ಮೇಲೆ ಸಾಲದ ಸಂಖ್ಯೆ ಬರೆದು ಬ್ಯಾಂಕಿಗೆ ಫ್ಯಾಕ್ಸ್ ಮಾಡಬೇಕಿತ್ತು. ಸಂಖ್ಯೆ ಇಲ್ಲದ ಪುಟ ಅಲ್ಲಿ ಯಾರ ಕಡತಕ್ಕೂ ಸೇರುತ್ತಿರಲಿಲ್ಲ. ನಮ್ಮ ಕಡತ ನೋಡುವ ಅಧಿಕಾರಿ ಬದಲಾಗುವಷ್ಟರಲ್ಲಿ ಸ್ಟೇಟ್‌ಮೆಂಟುಗಳು ಹಳತಾಗಿ, ಹೊಸ ತಿಂಗಳಿನವನ್ನು ಮತ್ತೆ ಕಳಿಸಬೇಕಾಗುತ್ತಿತ್ತು. ನಡುವೆ ಬ್ಯಾಂಕು ತನ್ನ ಕಡೆಯ ಏಜೆಂಟರೊಬ್ಬರನ್ನು ಮನೆಯ ಬೆಲೆ ಅಂದಾಜು ಮಾಡಲು ಕಳಿಸುತ್ತದೆ. ಅವರಿಗೆ ಮನೆಯ ಕೀಲಿ ಇಟ್ಟ ಪೆಟ್ಟಿಗೆಯನ್ನು ತೆರೆಯುವ ಸಂಖ್ಯೆ ಕೊಟ್ಟು ಸುಮ್ಮನಿರುವವರನ್ನು ನೋಡಿದ್ದೇನೆ. ನಾನು ಮಾತ್ರ ಪ್ರತಿ ಬಾರಿಯೂ ಖುದ್ದಾಗಿ ಹೋಗಿ, ಅದೇ ಬೀದಿಯಲ್ಲಿ ಇತ್ತೀಚೆಗೆ ಮಾರಾಟವಾದ ಮನೆಗಳ ಬೆಲೆ ಮತ್ತು ರಿಪೇರಿಯ ಅಂದಾಜು ಪಟ್ಟಿಯನ್ನು ಕೈಗೆ ಕೊಡುತ್ತಿದ್ದೆ. ಅವರು ಹೆಚ್ಚು ಬೆಲೆ ಬರೆದರೆ ಬ್ಯಾಂಕು ನಮ್ಮ ಆಫರನ್ನು ತಳ್ಳಿಹಾಕುತ್ತದೆ, ತಿಂಗಳುಗಟ್ಟಲೆ ಕಾದ ಖರೀದಿದಾರರು ಬೇರೆ ಮನೆ ನೋಡಿಕೊಳ್ಳುತ್ತಾರೆ.

ಈ ಕಡತದಲ್ಲಿ ನಮ್ಮವರಿಗೆ ಅತ್ಯಂತ ಕಷ್ಟವಾಗುತ್ತಿದ್ದದ್ದು ಹಾರ್ಡ್‌ಶಿಪ್ ಲೆಟರ್, ಅಂದರೆ ಕಂತು ಕಟ್ಟಲು ಏಕೆ ಆಗುತ್ತಿಲ್ಲ ಎಂದು ಬ್ಯಾಂಕಿಗೆ ಬರೆದುಕೊಡುವ ಪತ್ರ. ಕೆಲಸ ಹೋದದ್ದನ್ನು ಊರಿನ ಅಪ್ಪನಿಗೇ ಹೇಳದವರು ಅದನ್ನು ಗುರುತಿಲ್ಲದ ಗುಮಾಸ್ತರಿಗೆ ಬರೆಯಬೇಕಿತ್ತು. ಈ ಮನೆಯ ಯಜಮಾನರು ನನಗೆ ಕೊಟ್ಟ ಮೊದಲ ಕರಡಿನಲ್ಲಿ ತಾವು ಒಂದು ಕಂತನ್ನೂ ತಪ್ಪಿಸದ ಪ್ರಾಮಾಣಿಕರೆಂಬುದೇ ಒಂದೂವರೆ ಪುಟ ತುಂಬಿತ್ತು. ಎಚ್-1ಬಿ ವೀಸಾದ ಕೆಲಸ ಹೋಗಿ ಬೆಂಗಳೂರಿಗೆ ಮರಳುತ್ತಿದ್ದೇವೆ ಎಂಬ ಮುಖ್ಯ ಸಂಗತಿ ಕೊನೆಯ ಸಾಲಿನಲ್ಲಿ ಅಡಗಿತ್ತು. ಆ ಕಂತುಗಳಿಗಾಗಿ ಭಾವನಿಂದ ಕೈಗಡ ತಂದದ್ದಂತೂ ಎಲ್ಲಿಯೂ ಇರಲಿಲ್ಲ. ಅದನ್ನು ಬರೆಯಲೇಬೇಕು, ಇಲ್ಲದಿದ್ದರೆ ಸ್ಟೇಟ್‌ಮೆಂಟಿನಲ್ಲಿ ಕಾಣುವ ಜಮೆಯನ್ನು ಬ್ಯಾಂಕು ಆದಾಯವೆಂದು ಎಣಿಸುತ್ತದೆ ಎಂದೆ. ಅಡುಗೆಮನೆಯ ಡ್ರಾಯರಿನಿಂದ ಅವರ ಹೆಂಡತಿ ಬ್ಯಾಂಕಿನಿಂದ ಬಂದ, ಒಡೆಯದ ಹನ್ನೊಂದು ಲಕೋಟೆಗಳನ್ನು ತಂದು ಮೇಜಿನ ಮೇಲಿಟ್ಟದ್ದು ಆಗಲೇ.

ಇದೇ ಭಾವನ ಹೆಸರಿನಲ್ಲಿ ಮನೆ ಕೊಂಡು, ಇವರು ಬಾಡಿಗೆಗೆ ಇದ್ದು, ಮುಂದೆ ಹಿಂತಿರುಗಿ ಪಡೆಯಬಾರದೇಕೆ ಎಂಬ ಸಲಹೆಯೂ ಬಂತು. ಭಾರತೀಯ ಕುಟುಂಬಗಳಲ್ಲಿ ಇದನ್ನು ಕೇಳದವರೇ ಕಡಿಮೆ, ಕೇಳುವವರಿಗೆ ಅದರಲ್ಲಿ ತಪ್ಪೂ ಕಾಣುವುದಿಲ್ಲ. ಆದರೆ ಕೊಳ್ಳುವವರಿಗೂ ಮಾರುವವರಿಗೂ ಸಂಬಂಧವಿಲ್ಲ, ಮಾರಿದವರು ಮನೆಯಲ್ಲಿ ಉಳಿಯುವುದಿಲ್ಲ ಎಂದು ಎರಡೂ ಕಡೆಯವರು ಮತ್ತು ಏಜೆಂಟರು ಬ್ಯಾಂಕಿಗೆ ಸಹಿ ಹಾಕಿಕೊಡಬೇಕಾಗುತ್ತದೆ. ಅದರಲ್ಲಿ ಸುಳ್ಳು ಬರೆದರೆ ಅದು ವಂಚನೆಯ ಮೊಕದ್ದಮೆ.

ತಾಯಿಯ ಪ್ರಶ್ನೆಯ ಉತ್ತರ ಇದ್ದದ್ದು ಎರಡನೆಯ ಸಾಲದಲ್ಲಿ. ಮನೆ ಹರಾಜಾದರೆ ಎಲ್ಲ ಹಣವೂ ಮೊದಲ ಬ್ಯಾಂಕಿಗೆ ಹೋಗಿ ಎರಡನೆಯ ಬ್ಯಾಂಕಿಗೆ ಬಿಡಿಗಾಸೂ ಸಿಗುವುದಿಲ್ಲ. ಆದರೂ ಅದು ಒಪ್ಪದೆ ಶಾರ್ಟ್ ಸೇಲ್ ನಡೆಯುವುದಿಲ್ಲ. ಹಾಗಾಗಿ ಹೆಚ್ಚು ಜಗ್ಗಾಡುವುದು ಆ ಬ್ಯಾಂಕೇ. ಇನ್ನೊಂದು ವಿಚಿತ್ರವೂ ಇತ್ತು. ಸ್ವಂತ ವಾಸದ ಮನೆ ಕೊಳ್ಳಲೆಂದೇ ಪಡೆದ ಸಾಲವಾದರೆ, ಮನೆ ಹರಾಜಾದ ಮೇಲೆ ಬಾಕಿಗಾಗಿ ಸಾಲಗಾರರನ್ನು ಬೆನ್ನಟ್ಟುವಂತಿಲ್ಲ ಎಂಬ ಹಳೆಯ ಕಾನೂನು ಕ್ಯಾಲಿಫೋರ್ನಿಯಾದಲ್ಲಿದೆ. ಶಾರ್ಟ್ ಸೇಲ್‌ಗೂ ಅದೇ ರಕ್ಷಣೆ ಇದೆಯೇ ಎಂಬುದು ಆಗ ಇತ್ಯರ್ಥವಾಗಿರಲಿಲ್ಲ. ರಾಜ್ಯದ ಸುಪ್ರೀಂ ಕೋರ್ಟು ಇದೆ ಎಂದು ಹೇಳಿದ್ದು 2016ರ ಜನವರಿಯಲ್ಲಿ. ಅಷ್ಟರವರೆಗೆ, ಹರಾಜಿಗೆ ಬಿಟ್ಟವರು ಬಾಕಿಯಿಂದ ಪಾರಾಗುವುದು, ಮರ್ಯಾದೆಯಿಂದ ಮನೆ ಮಾರಿಕೊಟ್ಟವರು ಬಾಕಿಯನ್ನು ಹೊರುವುದು ಸಾಧ್ಯವಿತ್ತು. ಬ್ಯಾಂಕು ಕೊಡುವ ಒಪ್ಪಿಗೆ ಪತ್ರದ ಎರಡನೆಯ ಪುಟದಲ್ಲಿ "ಉಳಿದ ಮೊತ್ತವನ್ನು ವಸೂಲು ಮಾಡುವ ಹಕ್ಕನ್ನು ಕಾಯ್ದಿರಿಸಿದೆ" ಎಂಬ ಒಂದು ವಾಕ್ಯ ಇರುತ್ತಿತ್ತು. 2009ರಲ್ಲಿ ನನ್ನ ಒಂದು ಕಡತದಲ್ಲಿ ಅದನ್ನು ನಾನು ಗಮನಿಸಿರಲಿಲ್ಲ, ಕಂಡುಹಿಡಿದದ್ದು ಎಸ್ಕ್ರೋ ಕಚೇರಿಯ ಹುಡುಗಿ. ಅಂದಿನಿಂದ ಮಾರಾಟದ ಬೆಲೆಗಿಂತ ಮೊದಲು ಆ ವಾಕ್ಯವನ್ನು ಹುಡುಕುತ್ತೇನೆ, ಪತ್ರವನ್ನು ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ ಎನ್ನುತ್ತೇನೆ.

ಇವರ ಎರಡನೆಯ ಬ್ಯಾಂಕು ಜೂನ್‌ನಲ್ಲಿ ಮಾರಾಟಗಾರರ ಕೈಯಿಂದಲೇ 10,000 ಡಾಲರ್ ಕೇಳಿತು. ಅಷ್ಟರಲ್ಲಿ ಕಾನೂನು ನಮ್ಮ ನೆರವಿಗೆ ಬಂತು. ಮೊದಲ ಸಾಲ ಕೊಟ್ಟ ಬ್ಯಾಂಕು ಶಾರ್ಟ್ ಸೇಲ್‌ಗೆ ಒಪ್ಪಿದ ಮೇಲೆ ಬಾಕಿ ಕೇಳುವಂತಿಲ್ಲ ಎಂಬ ನಿಯಮ ಆ ವರ್ಷದ ಜನವರಿಯಿಂದಲೇ ಇತ್ತು. ಜುಲೈ 15ರಂದು ಅದು ಎರಡನೆಯ ಸಾಲಕ್ಕೂ ಅನ್ವಯಿಸಿತು, ಒಪ್ಪಿಗೆ ಕೊಡಲು ಮಾರಾಟಗಾರರಿಂದ ಹೆಚ್ಚುವರಿ ಹಣ ಕೇಳುವುದನ್ನೂ ನಿಷೇಧಿಸಿತು. ನಾನು ಫೋನ್ ಮಾಡಿದಾಗ ಬ್ಯಾಂಕಿನವರು ಈ ಕಾನೂನಿನ ಹೆಸರನ್ನೇ ಕೇಳಿರಲಿಲ್ಲ. ಮೂರು ವಾರದ ನಂತರ, ಮೊದಲ ಬ್ಯಾಂಕಿನ ಪಾಲಿನಿಂದ 8,500 ಕೊಡಿಸಿ ಎಂದರು. ಮೊದಲ ಬ್ಯಾಂಕು 6,000ಕ್ಕಿಂತ ಒಂದು ಡಾಲರನ್ನೂ ಹೆಚ್ಚು ಬಿಡಲೊಲ್ಲದು. ಉಳಿದ 2,500 ಡಾಲರನ್ನು ನಾವಿಬ್ಬರು ಏಜೆಂಟರು ನಮ್ಮ ಕಮಿಷನ್‌ನಲ್ಲಿ ಬಿಟ್ಟುಕೊಟ್ಟು, ಎರಡೂ ಬ್ಯಾಂಕುಗಳ ಒಪ್ಪಿಗೆ ಪಡೆದು ಎಸ್ಕ್ರೋ ಲೆಕ್ಕದಲ್ಲೇ ಬರೆಸಿದೆವು. ಎಲ್ಲ ಕಡತಗಳೂ ಹೀಗೆ ದಡ ಸೇರಲಿಲ್ಲ. ಹೊಸ ಕಾನೂನಿನಿಂದ ಕೇಳುವ ಬಾಯಿ ಮುಚ್ಚಿದ್ದಕ್ಕೆ ಒಪ್ಪಿಗೆಯನ್ನೇ ಕೊಡದ ಎರಡನೆಯ ಬ್ಯಾಂಕುಗಳಿಂದಾಗಿ ಆ ವರ್ಷ ನನ್ನ ಎರಡು ಮನೆಗಳು ಸ್ಟಾಕ್ಟನ್ ಕೋರ್ಟಿನ ಮುಂದೆ ಹರಾಜಾದವು. ಅದಕ್ಕೂ ಹಿಂದೆ, ಶಾರ್ಟ್ ಸೇಲ್ ವಿಭಾಗದ ಒಪ್ಪಿಗೆ ಪತ್ರ ನನ್ನ ಕೈ ಸೇರಿದ ದಿನವೇ ಅದೇ ಬ್ಯಾಂಕಿನ ಇನ್ನೊಂದು ವಿಭಾಗ ಮನೆಯನ್ನು ಹರಾಜು ಹಾಕಿದ್ದೂ ಉಂಟು. ಈ ಇಬ್ಬಗೆಗೆ ರಾಜ್ಯದ ಕಾನೂನು ತಡೆ ಹಾಕಿದ್ದು 2013ರಲ್ಲಿ.

ಒಪ್ಪಿಗೆ ಪತ್ರಗಳು ಬಂದಾಗ ದಂಪತಿ ಮೈಸೂರಿನಲ್ಲಿದ್ದರು. ಪತ್ರಕ್ಕೆ 30 ದಿನದ ಗಡುವು. ಕ್ರಯಪತ್ರದ ಮೇಲಿನ ಸಹಿಗೆ ಮನೆಯ ಒಡೆತನದ ದಾಖಲೆ ಪರಿಶೀಲಿಸುವ ನಮ್ಮ ಟೈಟಲ್ ಕಂಪನಿ ಒಪ್ಪುತ್ತಿದ್ದದ್ದು ಅಮೆರಿಕದ ಕಾನ್ಸುಲೇಟಿನ ನೋಟರಿ ಮುದ್ರೆಯನ್ನು ಮಾತ್ರ. ಅದಕ್ಕೆ ಇಬ್ಬರೂ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಚೆನ್ನೈಗೆ ಹೋಗಬೇಕಾಯಿತು. ಆಕೆಯ ಸಹಿಯಲ್ಲಿ ತಂದೆಯ ಹೆಸರಿನ ಇನಿಷಿಯಲ್ ಬಿಟ್ಟುಹೋಗಿದ್ದರಿಂದ ಮತ್ತೊಮ್ಮೆ ಹೋದರು. ಕೊರಿಯರ್ ನನ್ನ ಕೈ ಸೇರಿದಾಗ ಗಡುವಿಗೆ ಎರಡು ದಿನ ಉಳಿದಿತ್ತು.

ಮುಂದಿನ ಫೆಬ್ರವರಿಯಲ್ಲಿ ಅವರು ಮತ್ತೆ ಫೋನ್ ಮಾಡಿದರು. ಮನ್ನಾ ಆದ ಸಾಲದ ಮೊತ್ತವನ್ನು ನಮೂದಿಸಿದ 1099-ಸಿ ಫಾರ್ಮ್ ಮೈಸೂರಿನ ಮನೆಗೆ ಬಂದಿತ್ತು. ಮನ್ನಾ ಆದ ಸಾಲವನ್ನು ತೆರಿಗೆ ಇಲಾಖೆ ಸಾಲಗಾರರ ಆದಾಯವೆಂದೇ ಲೆಕ್ಕ ಹಿಡಿಯುತ್ತದೆ. "ಮೇಡಂ, ಇಷ್ಟು ದುಡ್ಡು ನಾನು ಯಾವಾಗ ಸಂಪಾದಿಸಿದೆ?" ಎಂದರು. ಸ್ವಂತ ವಾಸದ ಮನೆಯ ಮನ್ನಾ ಸಾಲಕ್ಕೆ 2007ರ ಡಿಸೆಂಬರ್‌ನಲ್ಲಿ ಬಂದ ಕೇಂದ್ರ ಕಾಯ್ದೆಯ ವಿನಾಯಿತಿ ಆಗ ಜಾರಿಯಲ್ಲಿತ್ತು. 982 ಎಂಬ ಇನ್ನೊಂದು ಫಾರ್ಮನ್ನು ರಿಟರ್ನ್ ಜೊತೆ ಸೇರಿಸಲು ನಿಮ್ಮ ಲೆಕ್ಕಿಗರಿಗೆ ಹೇಳಿ, ಎರಡನೆಯ ಬ್ಯಾಂಕಿನಿಂದಲೂ ಇಂಥದೇ ಕಾಗದ ಬರಬಹುದು, ಲಕೋಟೆಯನ್ನು ಒಡೆದು ನೋಡಿ ಎಂದೆ.