ಚಕ್ಕೋತದ ತೋಟಕ್ಕೆ ಹಳದಿ ಬಣ್ಣ ಬಿದ್ದ ಮೇಲೆ

ದೇವನಹಳ್ಳಿ ಕಡೆಯ ಒಂದು ಊರಿನ ಅರಳಿಕಟ್ಟೆಯಲ್ಲಿ ಸಭೆ ಸೇರಿತ್ತು. ಹಳೆಯ ಚಕ್ಕೋತದ ತೋಟವೊಂದು ಲೇಔಟ್ ಆಗುತ್ತದೆ ಅನ್ನುವ ಸುದ್ದಿಗೆ ಊರು ಎರಡಾಗಿತ್ತು. ನಗರ ಯೋಜನೆಯ ಕೆಲಸದವನು ಎಂದು ನನ್ನನ್ನೂ ಕರೆಸಿದ್ದರು. ಒಬ್ಬ ಹುಡುಗ ಎದ್ದು, "ನಮ್ಮ ಚಕ್ಕೋತಕ್ಕೆ ಜಿಐ ಟ್ಯಾಗ್ ಐತೆ ಸಾರ್, ತೋಟ ಅದ್ಹೆಂಗೆ ಕಡೀತಾರೆ?" ಎಂದು ಕೇಳಿದ. ಈ ಪ್ರಶ್ನೆಗೆ ಉತ್ತರ ಹೇಳುವಾಗೆಲ್ಲ ನನಗೆ ಸಂಕಟವಾಗುತ್ತದೆ.

ಯಾಕೆಂದರೆ ಕಡಿಯಬಹುದು. ಜಿಐ, ಅಂದರೆ ಭೌಗೋಳಿಕ ಸೂಚಕ, ಕಾಯುವುದು ಹೆಸರನ್ನು. 1999ರ ಆ ಕಾಯ್ದೆಯ ಪ್ರಕಾರ ಬೇರೆ ಕಡೆಯ ಹಣ್ಣಿಗೆ 'ದೇವನಹಳ್ಳಿ ಚಕ್ಕೋತ' ಎಂದು ಚೀಟಿ ಅಂಟಿಸಿ ಮಾರುವಂತಿಲ್ಲ, ಅಷ್ಟೇ. ಮರ ನಿಂತ ನೆಲದ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಮೈಸೂರು ವೀಳ್ಯದೆಲೆಗೂ ನಂಜನಗೂಡು ರಸಬಾಳೆಗೂ ಇದೇ ಮಾತು. ಎರಡಕ್ಕೂ ಟ್ಯಾಗ್ ಇದೆ. ತೋಟ ಇರಲಿ, ಮನೆಯಾಗಲಿ, ಟ್ಯಾಗಿಗೆ ಗೊತ್ತಾಗುವುದಿಲ್ಲ.

ನೆಲದ ಹಣೆಬರಹ ಬರೆಯುವುದು ಮಾಸ್ಟರ್ ಪ್ಲಾನ್. ಯೋಜನಾ ಪ್ರಾಧಿಕಾರ ಹೊರಡಿಸುವ ಆ ನಕ್ಷೆಯಲ್ಲಿ ವಸತಿ ವಲಯಕ್ಕೆ ಹಳದಿ ಬಣ್ಣ. ನಿಮ್ಮ ತೋಟದ ಸರ್ವೆ ನಂಬರಿನ ಮೇಲೆ ಹಳದಿ ಬಿದ್ದಿದ್ದರೆ ಮುಂದಿನ ಭೂಪರಿವರ್ತನೆ ಬಹುಪಾಲು ಅರ್ಜಿ, ಶುಲ್ಕ, ಸಹಿಯ ಕೆಲಸ. ಪಹಣಿಯಲ್ಲಿ ಬೆಳೆ ಏನೇ ಇರಲಿ, ಅದು ಅಡ್ಡ ಬರುವುದಿಲ್ಲ. ಊರಿನವರು ಎಚ್ಚೆತ್ತು ತಕರಾರು ತರುವುದು ಮಾತ್ರ ಈ ಕೊನೆಯ ಹಂತದಲ್ಲಿ, ಜೆಸಿಬಿ ಬಂದು ನಿಂತ ಮೇಲೆ.

ತಕರಾರಿಗೆ ಕಾನೂನೇ ಕೊಟ್ಟ ಸಮಯ ಬೇರೆ ಇದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು 60 ದಿನ ಇರುತ್ತದೆ. ಆಮೇಲೆ ಯಾರಾದರೂ ಕೃಷಿ ವಲಯದ ಜಮೀನನ್ನು ವಸತಿಗೆ ಬದಲಾಯಿಸಿ ಎಂದು ಕೇಳಿದರೆ 14ಎ ಕಲಮಿನಂತೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರಿಗೆ ಕನಿಷ್ಠ 15 ದಿನ ಅವಕಾಶ ಕೊಡಬೇಕು. ಆ ಪ್ರಕಟಣೆ ಬರುವುದು ಒಳಪುಟದ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಆ ಊರಿನಲ್ಲಿ ಕರಡು ನಕ್ಷೆಯನ್ನು ಕಣ್ಣಾರೆ ಕಂಡವರು ಯಾರು ಎಂದು ಕೇಳಿದೆ. ಒಂದು ಕೈಯೂ ಏಳಲಿಲ್ಲ. ಇದರಲ್ಲಿ ತಪ್ಪು ಊರಿನವರದಲ್ಲ. ಗ್ರಾಮ ಪಂಚಾಯ್ತಿ ಗೋಡೆಗೆ ನಕ್ಷೆ ಅಂಟಿಸಿ, ಸರ್ವೆ ನಂಬರು ಓದಿ ಹೇಳುವ ಪದ್ಧತಿಯನ್ನು ನಮ್ಮ ವೃತ್ತಿಯವರು ಬೆಳೆಸಲೇ ಇಲ್ಲ.

ತೋಟದ ಯಜಮಾನರಿಗೆ ಎಪ್ಪತ್ತು ದಾಟಿದೆ. ಅವರನ್ನು ಖಳನಾಯಕ ಮಾಡುವುದು ಸುಲಭ, ನನಗೆ ಮನಸ್ಸಾಗಲಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸೀಮೆಯ ಜಮೀನಿನ ಬೆಲೆ ಎಲ್ಲಿಗೋ ಹೋಯಿತು. ಬಾವಿ ಬತ್ತಿದೆ, ಬೋರ್‌ವೆಲ್ ಕೈಕೊಟ್ಟಿದೆ, ಮಕ್ಕಳಿಗೆ ತೋಟದ ಕೆಲಸ ಬೇಡ. "ಊರೋರಿಗೆ ಮರ ಬೇಕು, ಸರಿ. ನೀರು ಹಾಯ್ಸೋಕೆ ಒಬ್ರಾದ್ರೂ ಬಂದ್ರಾ?" ಎಂದು ಅವರು ಕೇಳಿದಾಗ ಕಟ್ಟೆ ಮೇಲೆ ಯಾರೂ ಮಾತಾಡಲಿಲ್ಲ.

ಪಕ್ಕದ ಚನ್ನರಾಯಪಟ್ಟಣ ಹೋಬಳಿಯ ಹೋರಾಟವನ್ನು ಕೆಲವರು ನೆನಪಿಸಿದರು. ಅಲ್ಲಿ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ದೊಡ್ಡ ಗೆಲುವು ಅದು. ಆದರೆ ಅಲ್ಲಿ ಎದುರಿಗಿದ್ದದ್ದು ಸರ್ಕಾರ. ಇಲ್ಲಿ ಮಾರುವವರು ನೆರೆಮನೆಯವರೇ, ಧರಣಿ ಕೂರುವುದು ಯಾರ ಬಾಗಿಲಲ್ಲಿ?

ಅದೇ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು ಇನ್ನೊಂದು ದಾರಿ ತೋರಿಸುತ್ತದೆ. ಸುಮಾರು 54 ಎಕರೆಯ ಆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ದೇಶದಲ್ಲೇ ಅದು ಮೊದಲನೆಯದು. 2002ರ ಜೀವವೈವಿಧ್ಯ ಕಾಯ್ದೆಯ 37ನೇ ಕಲಮಿನಲ್ಲಿ, ಘೋಷಣೆಯಿಂದ ನಷ್ಟವಾಗುವವರಿಗೆ ಪರಿಹಾರದ ಯೋಜನೆ ಮಾಡಬೇಕು ಎಂದೂ ಇದೆ. ಈ ಮಾತನ್ನು ಯಾರೂ ಎತ್ತುವುದಿಲ್ಲ. ಚಕ್ಕೋತದ ತೋಟಗಾರರ ಪರವಾಗಿ ಇದನ್ನು ಜೋರಾಗಿ ಎತ್ತಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಪರಂಪರೆ ಎಲ್ಲರದು ಅನ್ನುವುದಾದರೆ ಅದರ ಖರ್ಚು ಒಂದೇ ಮನೆಯ ತಲೆಗೆ ಬೀಳಬಾರದು.

ಸಭೆ ಮುಗಿದ ಮೇಲೆ ಯಜಮಾನರು ತೋಟಕ್ಕೆ ಕರೆದೊಯ್ದರು. ಒಂದು ಹಣ್ಣು ಕಿತ್ತು, ಕುಡುಗೋಲಿನಿಂದ ಸುತ್ತ ಗೀರಿ, ಬೆರಳು ದಪ್ಪದ ಬಿಳಿ ಸಿಪ್ಪೆ ಬಿಡಿಸಿದರು. ತೊಳೆಯ ಮೇಲಿನ ಪೊರೆ ಸುಲಿದು ಒಳಗಿನ ಕೆಂಪು ತಿರುಳನ್ನು ನನ್ನ ಅಂಗೈಗೆ ಹಾಕಿದರು. ಕಹಿಯ ಸುಳಿವೇ ಇರಲಿಲ್ಲ. ಬೀಜ ಒಯ್ಯಲೇ ಎಂದು ಕೇಳಿದೆ. "ಬೀಜ ಹಾಕಿದ್ರೆ ಗಿಡ ಬರ್ತದೆ ಸಾರ್, ಈ ರುಚಿ ಬರಕಿಲ್ಲ. ಗೂಟಿನೇ ಕಟ್ಬೇಕು" ಅಂದರು. ಗೂಟಿ ಅಂದರೆ ಮರದ ಮೇಲಿರುವ ಕೊಂಬೆಗೇ ಬೇರು ಬರಿಸಿ, ಆಮೇಲೆ ಕತ್ತರಿಸಿ ನೆಡುವುದು.

ಸಸ್ಯಶಾಸ್ತ್ರವೂ ಯಜಮಾನರ ಮಾತನ್ನೇ ಹೇಳುತ್ತದೆ. ನಿಂಬೆ ಜಾತಿಯ ಎಷ್ಟೋ ಗಿಡಗಳಲ್ಲಿ ಬೀಜದಿಂದಲೂ ತಾಯಿಯಂಥದೇ ಮರ ಬರಬಹುದು. ಚಕ್ಕೋತದಲ್ಲಿ ಹಾಗಲ್ಲ, ಒಂದೊಂದು ಬೀಜವೂ ಬೇರೆಯೇ ಗಿಡ. ಗೂಟಿ ಕಟ್ಟುವ ಮೊದಲೇ ತಾಯಿಮರ ಉರುಳಿದರೆ ಅದರ ರುಚಿ ಅಲ್ಲಿಗೇ ಮುಗಿಯಿತು. ಹಾಗಾಗಿ ಇಲ್ಲಿ ಎಕರೆ ಲೆಕ್ಕಕ್ಕಿಂತ ಯಾವ ಮರ ಅನ್ನುವುದು ಮುಖ್ಯ.

ಇದು ತಿಳಿದ ಮೇಲೆ ನನ್ನ ಕೆಲಸಕ್ಕೆ ದಾರಿ ಕಂಡಿತು. ಲೇಔಟಿನಲ್ಲಿ ಪಾರ್ಕಿಗೆಂದು ಜಾಗ ಬಿಡಲೇಬೇಕು. ಸಾಮಾನ್ಯವಾಗಿ ಸೈಟು ಬಿಡಿಸಿ ಮಿಕ್ಕ ಓರೆಕೋರೆ ತುಂಡಿಗೆ ಪಾರ್ಕ್ ಎಂದು ಹೆಸರಿಡುತ್ತಾರೆ. ಇಲ್ಲಿ ಮೊದಲು ಮರಗಳನ್ನು ಗುರುತಿಸಿ, ಪಾರ್ಕನ್ನು ಅಲ್ಲಿ ಕೂರಿಸಿ, ಆಮೇಲೆ ರಸ್ತೆ ಎಳೆಯೋಣ ಎಂದೆ. ಲೇಔಟ್ ಮಾಡುವವರು ಎರಡು ಸೈಟು ಕಡಿಮೆಯಾಗುತ್ತದೆ ಎಂದು ಗೊಣಗಿದರು, ಕೊನೆಗೆ ಒಪ್ಪಿದರು. ತೋಟ ಉಳಿಯಿತು ಎಂದು ನಾನು ಹೇಳಲಾರೆ. ಉಳಿದದ್ದು ಬಾವಿ ಮೂಲೆಯ ಒಂಬತ್ತು ಮರ.

ಮಿಕ್ಕ ಮರಗಳಿಗೆ ಊರಿನ ಹುಡುಗರು ಆಷಾಢದಲ್ಲಿ ಗೂಟಿ ಕಟ್ಟಿದರು. ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಉಂಗುರದಂತೆ ತೊಗಟೆ ಬಿಡಿಸಿ, ಒದ್ದೆ ಪಾಚಿ ಮೆತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಎರಡೂ ತುದಿ ಬಿಗಿದರು. ಅವರಿಗೆ ಕಟ್ಟುವುದು ಹೇಳಿಕೊಟ್ಟವರು ಯಜಮಾನರೇ. ಮಳೆಗಾಲ ಕಳೆಯುವ ಹೊತ್ತಿಗೆ ಹಾಳೆಯೊಳಗೆ ಬಿಳಿ ಬೇರು ಕಾಣಿಸಿತು. ಈಗ ಆ ಗಿಡಗಳು ಶಾಲೆಯ ಕಾಂಪೌಂಡಿನಲ್ಲೂ ಕೆಲವರ ಹಿತ್ತಲಲ್ಲೂ ಇವೆ. ಯಾವ ಗಿಡ ಯಾವ ಮರದ್ದು ಎಂದು ಬರೆದ ತಗಡಿನ ಚೀಟಿಯನ್ನು ಒಂದೊಂದಕ್ಕೂ ಕಟ್ಟಿದ್ದಾರೆ.