ಮಗಳ ಬೆನ್ನು ಸೊಟ್ಟಗಾಗಿದ್ದು ಸ್ಕೂಲ್ ಬ್ಯಾಗಿನಿಂದಲೇ?

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ಯೂನಿಫಾರ್ಮಿಗೆ ಅಳತೆ ತೆಗೆದ ಟೈಲರ್ ಒಂದು ಭುಜ ಮೇಲಿದೆ ಅಂದರು. ಎಕ್ಸ್‌ರೇಯಲ್ಲಿ ಸ್ಕೋಲಿಯೋಸಿಸ್, 27 ಡಿಗ್ರಿ ಎಂದು ಬಂದಿದೆ. ದಿನಾ ಒಂದೇ ಹೆಗಲಿಗೆ ಬ್ಯಾಗ್ ಹಾಕುತ್ತಾಳೆ, ಕೂರುವುದೂ ಸೊಟ್ಟಗೆ. ಅದರಿಂದಲೇ ಹೀಗಾಯಿತೇ? ಎಣ್ಣೆ ಹಚ್ಚಿ ತಿಕ್ಕಿಸಿದರೆ ಬೆನ್ನುಹುರಿ ನೆಟ್ಟಗಾಗುತ್ತದೆಯೇ?
– ಒಬ್ಬ ತಾಯಿ, ಹರಿಹರ

ಉತ್ತರ: ಇಲ್ಲಮ್ಮ. ಬ್ಯಾಗಿನಿಂದ ಆಗಿದ್ದಲ್ಲ, ತಿಕ್ಕಿಸಿದರೆ ಹೋಗುವುದೂ ಅಲ್ಲ. ಬಾಗಿರುವುದು ಬೆನ್ನುಹುರಿಯಲ್ಲ, ಬೆನ್ನುಮೂಳೆ. ಅದು ಪಕ್ಕಕ್ಕೆ ಬಾಗುವುದಕ್ಕೇ ಸ್ಕೋಲಿಯೋಸಿಸ್ ಎನ್ನುವುದು, ಡಿಗ್ರಿ ಆ ಬಾಗಿನ ಅಳತೆ. ಹುರಿ ಎಂದರೆ ಅದರೊಳಗೆ ಇಳಿದಿರುವ ನರದ ಹಗ್ಗ. ಇದನ್ನು ಎಷ್ಟು ಸಲ ಬರೆದರೂ ಜೂನ್ ಬಂದ ಕೂಡಲೇ ಹೊಸ ಯೂನಿಫಾರ್ಮಿನ ಹಿಂದೆಯೇ ಇದೇ ಪ್ರಶ್ನೆ ಬರುತ್ತದೆ. ಹಾಗಾಗಿ ಈ ಸಲ ಬ್ಯಾಗಿನ ಲೆಕ್ಕ ಪೂರ್ತಿ ಚುಕ್ತಾ ಮಾಡೋಣ.

ಭಾರ ಹೊತ್ತು ಬೆನ್ನು ಹೀಗೆ ತಿರುಚುವುದಾಗಿದ್ದರೆ ದಾವಣಗೆರೆ ಎಪಿಎಂಸಿಯ ಹಮಾಲರೆಲ್ಲರ ಬೆನ್ನೂ ಹಾವಿನಂತಾಗಬೇಕಿತ್ತು. ವರ್ಷಗಟ್ಟಲೆ ಚೀಲ ಹೊತ್ತವರಿಗೆ ಬರುವುದು ಸೊಂಟನೋವು, ಡಿಸ್ಕ್ ಸವೆತ. ಇನ್ನು 10 ಡಿಗ್ರಿ ಆಸುಪಾಸಿನ ಸಣ್ಣ ಬಾಗು ಹುಡುಗರಲ್ಲೂ ಹುಡುಗಿಯರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದೆ. 30 ದಾಟಿದವರಲ್ಲಿ ಮಾತ್ರ ಒಬ್ಬ ಹುಡುಗನಿಗೆ ಸುಮಾರು ಹತ್ತು ಹುಡುಗಿಯರು. ಹುಡುಗರ ಬ್ಯಾಗಿನಲ್ಲೇನು ಹತ್ತಿ ತುಂಬಿರುತ್ತದೆಯೇ? ಈ ವಯಸ್ಸಿನಲ್ಲಿ ಎದೆಭಾಗದ ಬಾಗು ಬಹುಪಾಲು ಬಲಕ್ಕೇ ಉಬ್ಬುತ್ತದೆ, ಬ್ಯಾಗು ಯಾವ ಹೆಗಲಲ್ಲಾದರೂ ಇರಲಿ. ಎಲ್ಲಕ್ಕಿಂತ ಮುಖ್ಯವಾದದ್ದು, ಇದು ಬರೀ ಪಕ್ಕಕ್ಕೆ ವಾಲಿದ ಬೆನ್ನಲ್ಲ. ಒದ್ದೆ ಬಟ್ಟೆ ಹಿಂಡಿದಂತೆ ಮಣಿಮೂಳೆಗಳು ತಿರುಚಿಕೊಂಡು ಪಕ್ಕೆಲುಬನ್ನೂ ಹಿಂದಕ್ಕೆ ತಳ್ಳಿರುತ್ತವೆ. ಹೆಗಲ ಮೇಲಿನ ಭಾರ ಹೀಗೆ ತಿರುಚಲಾರದು. ಮನೆತನದಲ್ಲಿ ಯಾರಿಗಾದರೂ ಇದ್ದರೆ ಸಾಧ್ಯತೆ ಹೆಚ್ಚು. ‘ನೆಟ್ಟಗೆ ಕೂತ್ಕೊ’ ಎಂದು ಮಗುವನ್ನು ಬೈಯುವುದು ಇವತ್ತಿಗೇ ನಿಲ್ಲಲಿ.

ಹಾಗೆಂದು ಬ್ಯಾಗಿಗೆ ಕ್ಲೀನ್ ಚಿಟ್ ಕೊಡುತ್ತಿಲ್ಲ. ಭಾರಕ್ಕೆ ಬೆನ್ನು ನೋಯುವುದು ನಿಜ. 2019ರ ರಾಜ್ಯ ಸರ್ಕಾರದ ಆದೇಶದಂತೆ ಎಂಟನೇ ಕ್ಲಾಸಿನ ಬ್ಯಾಗು 3ರಿಂದ 4 ಕೆಜಿ ಮೀರಬಾರದು. ತೂಗಿ ನೋಡಿ.

ತಂಗಿಯಿದ್ದರೆ ಅವಳನ್ನೂ ಮನೆಯಲ್ಲೇ ಪರೀಕ್ಷಿಸಿ. ಪಾದ ಜೋಡಿಸಿ, ಮಂಡಿ ಮಡಿಸದೆ, ಎರಡು ಅಂಗೈ ಸೇರಿಸಿ ಕೆಳಗಿಳಿಸುತ್ತಾ ಬೆನ್ನು ನೆಲಕ್ಕೆ ಸಮವಾಗುವವರೆಗೆ ಬಗ್ಗಲಿ. ನೀವು ಹಿಂದೆ ಕೂತು ಬೆನ್ನಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಒಂದು ಕಡೆಯ ಪಕ್ಕೆ ದಿಬ್ಬದಂತೆ ಎದ್ದರೆ ವೈದ್ಯರಿಗೆ ತೋರಿಸಿ. ಬಗ್ಗಿದಾಗ ಡೊಂಕು ಮಾಯವಾದರೆ ಅದು ನಿಲ್ಲುವ ಭಂಗಿಯದ್ದು, ಇಲ್ಲವೇ ಒಂದು ಕಾಲು ತುಸು ಗಿಡ್ಡ.

ಈಗ 27 ಡಿಗ್ರಿಯ ಮಾತು. ‘ಮುಟ್ಟು ಶುರುವಾಗಿ ಎಷ್ಟು ತಿಂಗಳಾಯಿತು?’ ಎಂದು ವೈದ್ಯರು ಕೇಳಿದರೆ ಮುಜುಗರ ಬೇಡ, ಇನ್ನೆಷ್ಟು ಎತ್ತರ ಬೆಳೆಯಬಹುದು ಎಂಬ ಅಂದಾಜು ಅದರಿಂದಲೇ ಸಿಗುವುದು. ಬೆಳವಣಿಗೆ ಬಾಕಿಯಿದ್ದು ಬಾಗು 25ರಿಂದ 40ರ ನಡುವೆ ಇದ್ದರೆ ಬ್ರೇಸ್, ಅಂದರೆ ಮೈಗೆ ತೊಡಿಸುವ ಕವಚ. ಎಣ್ಣೆ ತಿಕ್ಕಿಸುತ್ತಾ ಆರು ತಿಂಗಳು ಕಳೆದರೆ ಹೋಗುವುದು ಈ ಸಮಯವೇ. ಮೆಡಿಕಲ್ ಶಾಪಿನ ಎಲಾಸ್ಟಿಕ್ ಬೆಲ್ಟ್ ಬ್ರೇಸ್ ಅಲ್ಲ. ಮೈ ಅಳತೆಗೆ ಮಾಡಿಸಿದ ಗಟ್ಟಿ ಪ್ಲಾಸ್ಟಿಕ್ಕಿನದು ಬೇಕು. 2013ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾ ಅಧ್ಯಯನದಲ್ಲಿ ಬ್ರೇಸ್ ತೊಟ್ಟವರಲ್ಲಿ ಶೇ. 72 ಮಂದಿಯ ಬಾಗು 50 ಡಿಗ್ರಿ ಮುಟ್ಟಲಿಲ್ಲ, ತೊಡದವರಲ್ಲಿ ಶೇ. 48. ದಿನಕ್ಕೆ 13 ಗಂಟೆ ದಾಟಿಸಿದವರಲ್ಲಿ ಫಲ ಶೇ. 90ಕ್ಕೂ ಮೇಲೆ. ಬ್ರೇಸಿನ ಕೆಲಸ ಬಾಗು ಹೆಚ್ಚದಂತೆ ಹಿಡಿಯುವುದು, ಇರುವುದನ್ನು ಅಳಿಸುವುದಲ್ಲ.

ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಅದನ್ನು ತೊಡುವುದು ಸುಲಭವಲ್ಲ. ಒಳಗೆ ಹೊಲಿಗೆ ಒತ್ತದ ಹತ್ತಿ ಬನಿಯನ್ ಹಾಕಿ, ಬೆವೆತರೆ ಬದಲಿಸಿ. ಮೊದಲ ದಿನ ಎರಡು ಗಂಟೆಯಿಂದ ಶುರುಮಾಡಿ ಒಂದೆರಡು ವಾರದಲ್ಲಿ ವೈದ್ಯರು ಹೇಳಿದಷ್ಟು ಗಂಟೆಗೆ ಏರಿಸಿ. ತೆಗೆದ ಮೇಲೆ ಅರ್ಧ ಗಂಟೆಯಲ್ಲಿ ಮಾಯುವ ಕೆಂಪಿಗೆ ಹೆದರಬೇಡಿ. ಮಾಯದಿದ್ದರೆ ಮಾಡಿಕೊಟ್ಟವರ ಬಳಿ ಸರಿಪಡಿಸಿ. ಕ್ರೀಮ್ ಬೇಡ, ಚರ್ಮ ಮೆತ್ತಗಾಗಿ ಸುಲಿಯುತ್ತದೆ. ಊಟ ಸ್ವಲ್ಪ ಸ್ವಲ್ಪವಾಗಿ. ಆಟಕ್ಕೆ ಬಿಚ್ಚಿ ಕಳಿಸಿ.

ನಾಲ್ಕರಿಂದ ಆರು ತಿಂಗಳಿಗೊಮ್ಮೆ ಎಕ್ಸ್‌ರೇ, ಅದೂ ನಿಲ್ಲಿಸಿಯೇ. ಮಲಗಿಸಿ ತೆಗೆದರೆ ಬಾಗು ಕಡಿಮೆ ಕಾಣುತ್ತದೆ. ಅಳತೆಯಲ್ಲೇ 5 ಡಿಗ್ರಿ ಹೆಚ್ಚುಕಡಿಮೆಯಾಗುವುದುಂಟು, 27 ಹೋಗಿ 30 ಆಯಿತೆಂದು ಅಳಬೇಡಿ. 45-50 ದಾಟಿದರೆ ಸ್ಕ್ರೂ, ರಾಡ್ ಹಾಕಿ ಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ರಾತ್ರಿ ಎಬ್ಬಿಸುವ ನೋವು, ಕಾಲಿನಲ್ಲಿ ಶಕ್ತಿ ಕುಂದುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ತಡಮಾಡದೆ ಎಂಆರ್‌ಐ.

‘ಅಜ್ಜಿಗೂ ಗೂನು ಇತ್ತು, ಇದು ಅದೇ ಇರಬೇಕು’ ಎನ್ನುವವರೂ ಇದ್ದಾರೆ. ಅಜ್ಜಿಯದು ಮುಂದಕ್ಕೆ ಬಾಗಿದ ಬೆನ್ನು. ಸವೆದ ಮೂಳೆ ಕುಸಿದು ಆಗುವಂಥದ್ದು. ಚಿತ್ರದುರ್ಗದ ಕಡೆ ಇನ್ನೊಂದು ಕಾರಣವೂ ಇದೆ, ಬೋರ್‌ವೆಲ್ ನೀರಿನ ಫ್ಲೋರೈಡ್. ಹೆಚ್ಚು ಫ್ಲೋರೈಡಿನ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಬೆನ್ನು ಕೊರಡಿನಂತೆ ಬಿಗಿಯುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನಷ್ಟು ಗಾಢವಾಗುತ್ತದೆ. ಕುಡಿಯಲು, ಅಡುಗೆಗೆ ಎರಡಕ್ಕೂ ಆರ್‌ಒ ನೀರೇ ಬಳಸಿ.