ನ್ಯೂಜೆರ್ಸಿಯಲ್ಲಿ ಹುಟ್ಟಿದ ವೆಸ್ಟರ್ನ್

ದಪ್ಪ ಮೀಸೆಯ ದರೋಡೆಕೋರ ನಮ್ಮ ಮುಖಕ್ಕೇ ಪಿಸ್ತೂಲು ಹಿಡಿದು ಗುಂಡು ಹಾರಿಸುತ್ತಾನೆ. 1903ರ ವೆಸ್ಟರ್ನ್ ಸಿನಿಮಾ, ಅಂದ್ರೆ ಅಮೆರಿಕದ ಪಶ್ಚಿಮದ ಕೌಬಾಯ್-ದರೋಡೆಕೋರರ ಕಥೆ, ‘ದಿ ಗ್ರೇಟ್ ಟ್ರೇನ್ ರಾಬರಿ’ ನೋಡದವರೂ ಈ ದೃಶ್ಯ ನೋಡಿರುತ್ತಾರೆ. ತಮಾಷೆ ಅಂದ್ರೆ, ಇದಕ್ಕೂ ಕಥೆಗೂ ಸಂಬಂಧವೇ ಇಲ್ಲ. ಶುರುವಿನಲ್ಲಾದರೂ ತೋರಿಸಿ, ಕೊನೆಯಲ್ಲಾದರೂ ತೋರಿಸಿ ಎಂದು ಸಿನಿಮಾ ತಯಾರಿಸಿದ ಎಡಿಸನ್ ಕಂಪನಿ ತನ್ನ ಕ್ಯಾಟಲಾಗಿನಲ್ಲೇ ಬರೆದಿತ್ತು. ಕೊನೆಗೆ ಹಾಕಿದರೆ, ಕಥೆಯಲ್ಲಿ ಆಗಲೇ ಸತ್ತವನು ಎದ್ದು ಬಂದು ಗುಂಡು ಹೊಡೆದ ಹಾಗೆ!

ರೈಲು ದರೋಡೆ ಆಗ ಹಳೆಯ ಕಾಲದ ಕಥೆ ಆಗಿರಲಿಲ್ಲ. ಅಮೆರಿಕದ ರೈಲುಗಳಲ್ಲಿ ಹಣ, ಬೆಲೆಬಾಳುವ ಸಾಮಾನು ಸಾಗಿಸೋಕೆ ಬೇರೆಯೇ ಬೋಗಿ ಇರುತ್ತಿತ್ತು. ಅದರೊಳಗೆ ತಿಜೋರಿ, ಕಾಯಲು ಒಬ್ಬ ಕಾವಲುಗಾರ. 1866ರಲ್ಲಿ ಇಂಡಿಯಾನಾದ ಸೀಮೋರ್ ಊರಿನ ಹತ್ತಿರ ರೀನೋ ಸೋದರರು ಇಂಥ ಬೋಗಿಗೆ ನುಗ್ಗಿದರು. 1899ರಲ್ಲಿ ವಯೋಮಿಂಗ್‌ನ ವಿಲ್ಕಾಕ್ಸ್ ಬಳಿ ದರೋಡೆಕೋರ ಬುಚ್ ಕ್ಯಾಸಿಡಿಯ ಗುಂಪು ರೈಲು ನಿಲ್ಲಿಸಿ, ಬೋಗಿಯನ್ನೇ ಡೈನಮೈಟ್ ಇಟ್ಟು ಸಿಡಿಸಿತು. ಅದಾಗಿ ನಾಲ್ಕೇ ವರ್ಷಕ್ಕೆ ಈ ಸಿನಿಮಾ. ಇದರಲ್ಲೂ ಕಾವಲುಗಾರ ಬೀಗದ ಕೈಯನ್ನು ಹೊರಗೆಸೆದು ಪ್ರಾಣ ಬಿಡುತ್ತಾನೆ, ಕಳ್ಳರು ಪೆಟ್ಟಿಗೆಗೆ ಡೈನಮೈಟ್ ಇಡುತ್ತಾರೆ. ನೋಡುವವರಿಗೆ ಅದು ಪೇಪರಿನಲ್ಲಿ ಓದಿದ ಸುದ್ದಿಯೇ, ಅಲ್ವಾ?

ಆದರೆ ನಿರ್ದೇಶಕ ಎಡ್ವಿನ್ ಎಸ್. ಪೋರ್ಟರ್ ಅಮೆರಿಕದ ಪಶ್ಚಿಮದ ಕಡೆ ಹೋಗಲೇ ಇಲ್ಲ. ನ್ಯೂಯಾರ್ಕಿನ ಸ್ಟುಡಿಯೋ, ಪಕ್ಕದ ನ್ಯೂಜೆರ್ಸಿಯ ಕಾಡು, ಅಲ್ಲಿಯದೇ ರೈಲು. ಅಷ್ಟರಲ್ಲೇ ಮುಗಿಸಿದ. ಸುಮಾರು 12 ನಿಮಿಷದ ಸಿನಿಮಾದಲ್ಲಿ ಎಂಥೆಂಥ ಜಾಣತನ ನೋಡಿ. ಸ್ಟೇಷನ್ನಿನ ಕಿಟಕಿಯಾಚೆ ರೈಲು ಬಂದು ನಿಲ್ಲುತ್ತದೆ. ಒಳಗಿನ ಕೋಣೆ ಸ್ಟುಡಿಯೋದ್ದು, ಹೊರಗಿನ ರೈಲು ನಿಜವಾದದ್ದು, ಎರಡನ್ನೂ ಒಂದೇ ಫಿಲ್ಮಿನ ಮೇಲೆ ಕೂಡಿಸಿದ್ದಾರೆ. ಓಡುವ ರೈಲಿನ ಮೇಲೆ ಹೊಡೆದಾಟ ನಡೆಯುತ್ತದೆ. ಕ್ಯಾಮೆರಾ ನಿಲ್ಲಿಸಿ ಮನುಷ್ಯನ ಜಾಗಕ್ಕೆ ಗೊಂಬೆ ಇಟ್ಟು ಕೆಳಗೆಸೆದಿದ್ದಾರೆ. ಕಪ್ಪು-ಬಿಳುಪು ಸಿನಿಮಾ ಅಂತೀವಿ, ಆದರೆ ಕೆಲವು ಪ್ರಿಂಟುಗಳಲ್ಲಿ ಹೊಗೆಗೆ, ಬಟ್ಟೆಗೆ ಕೈಯಲ್ಲೇ ಬಣ್ಣ ಹಚ್ಚಿದ್ದರು.

ಸಿನಿಮಾ ಸಿಕ್ಕಾಪಟ್ಟೆ ಓಡಿತು. ಮರುವರ್ಷವೇ ಫಿಲಡೆಲ್ಫಿಯಾದ ಸಿನಿಮಾ ತಯಾರಕ ಸಿಗ್ಮಂಡ್ ಲೂಬಿನ್ ಅದನ್ನು ದೃಶ್ಯಕ್ಕೆ ದೃಶ್ಯ ನಕಲು ಮಾಡಿ ಮಾರಿದ.

ಮೂರು ಪಾತ್ರ ಮಾಡಿದ್ದ ಗಿಲ್ಬರ್ಟ್ ಆಂಡರ್ಸನ್‌ಗೆ ಆಗ ಕುದುರೆ ಸವಾರಿ ಸರಿಯಾಗಿ ಬರುತ್ತಿರಲಿಲ್ಲ, ಶೂಟಿಂಗಿಗೆ ಹೋಗುವಾಗ ಬಿದ್ದೇಬಿಟ್ಟ ಅಂತ ಕಥೆ ಇದೆ. ಮುಂದೆ ‘ಬ್ರಾಂಕೋ ಬಿಲ್ಲಿ’ ಹೆಸರಿನಲ್ಲಿ ನೂರಾರು ವೆಸ್ಟರ್ನ್‌ಗಳಲ್ಲಿ ಕುದುರೆ ಏರಿದವನು ಇವನೇ. 1958ರಲ್ಲಿ ಆಸ್ಕರ್‌ನವರು ಕರೆದು ಗೌರವ ಪ್ರಶಸ್ತಿಯನ್ನೂ ಕೊಟ್ಟರು.